ಹುಣ್ಣಿಮೆಯ ಸಾಲು

ತಲೆಗೆ ಹಚ್ಚಿದ ಕಪ್ಪು ಹಿಡಿಯುವವರೆಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ಸುಮ್ಮನೆ ಕೂತಿರಬೇಕು. ನಾಲ್ಕನೆಯ ಮಹಡಿಯ ಬಾಲ್ಕನಿಯಲ್ಲಿ ಸ್ಟೂಲ್ ಹಾಕಿಕೊಂಡು ಕೂತ ವುನ್ನನಿಗೆ ಎದುರು ಕಟ್ಟಡದಿಂದ ಯಾರಾದರೂ ನೋಡುತ್ತಿರಬಹುದೆಂದು ಮೊದಲು ಮುಜುಗರವಾಯಿತು. ಯಾರೂ ನೋಡುತ್ತಿಲ್ಲವೆಂದು ಖಾತ್ರಿಯಾದ ಮೇಲೆ ಅದಕ್ಕಿಂತ ಹೆಚ್ಚು ಬೇಸರವಾಯಿತು. ಒಂದು ಕಾಲಕ್ಕೆ ಇದೇ ರಂಗೂನಿನಲ್ಲಿ ಅವನು ಚಹಾದಂಗಡಿಗೆ ಹೋದರೆ ಬೀದಿಯಲ್ಲಿ ಸೈಕಲ್ ರಿಕ್ಷಾಗಳು ನಿಂತುಬಿಡುತ್ತಿದ್ದವು. ಈಗ ಎದುರು ಮನೆಯ ಹೆಂಗಸು ಬಾಲ್ಕನಿಯಿಂದ ಹಗ್ಗದ ತುದಿಗೆ ಚೀಲ ಕಟ್ಟಿ ಇಳಿಬಿಟ್ಟು ಕೆಳಗಿನ ಅಂಗಡಿಯವನಿಂದ ಮೊಹಿಂಗಾ ಕಟ್ಟಿಸಿಕೊಂಡು ಮೇಲಕ್ಕೆಳೆಯುತ್ತಿದ್ದಾಳೆ. ಆ ಚೀಲದಲ್ಲಿರುವ ಮೀನಿನ ಸಾರಿನ ಮೇಲಿರುವ ಗಮನದ ಒಂದು ಪಾಲೂ ಅವಳಿಗೆ ಇವನ ಮೇಲಿಲ್ಲ. ಇರದಿದ್ದರೆ ಕತ್ತೆ ಬಾಲ. ಇವತ್ತು ಮಧ್ಯಾಹ್ನ ಅವನು ಸ್ಟೇಜ್ ಹತ್ತುತ್ತಾನೆ. ಸಂಗೀತಗಾರರ ಸಂಘದ ಕೋ ಪೋ, ಹೊಟ್ಟೆ ಮುಂದೆ ಬಿಟ್ಟುಕೊಂಡು ಸದಾ ಫೋನಿನಲ್ಲಿರುವ ಆ ಮನುಷ್ಯ, ಹೋದ ವಾರ ಚಹಾದಂಗಡಿಗೇ ಹುಡುಕಿಕೊಂಡು ಬಂದು, "ಉಲೇ, ಭಾನುವಾರ ನೀವು ಸ್ಟೇಜ್ ಮೇಲೆ ಇರ್ಲೇಬೇಕು. ನೀವಿಲ್ದೆ ಕಾರ್ಯಕ್ರಮಾನೇ ಇಲ್ಲ" ಎಂದಿದ್ದ. ಉಲೇ ಎಂದು ಚಿಕ್ಕಪ್ಪನನ್ನಾಗಿ ಮಾಡಿದ್ದು ಚುಚ್ಚಿತಾದರೂ ವುನ್ನ ಅದನ್ನು ನುಂಗಿಕೊಂಡು, ನೋಡೋಣ, ಬಿಡುವಿದ್ದರೆ ಬರ್ತೀನಿ, ಎಂದಿದ್ದ. ಬಿಡುವು ಅವನಿಗೆ ಹಲವು ವರ್ಷಗಳಿಂದ ಇತ್ತು.

ಮಳೆಗಾಲದ ವ್ರತ ಮುಗಿದು ತಡಿಂಜುಟ್ ಹುಣ್ಣಿಮೆ ಬಂತೆಂದರೆ ಊರಿಗೆ ಊರೇ ಹಿರಿಯರ ಕಾಲಿಗೆ ಬೀಳುತ್ತದೆ. ಮಕ್ಕಳು ತಂದೆತಾಯಿಗೆ, ಶಿಷ್ಯರು ಗುರುವಿಗೆ, ಗುಮಾಸ್ತರು ಸಾಹೇಬರಿಗೆ. ಸಂಗೀತಗಾರರೂ ಹಿಂದುಳಿಯಬಾರದಲ್ಲ, ಸಂಘದವರು ಹಲ್ಲು ಹೋದ ಹಳೆಯ ವಾದ್ಯಗಾರರನ್ನೂ ಗಾಯಕರನ್ನೂ ಒಂದು ಸಾಲಿನಲ್ಲಿ ಕುರ್ಚಿ ಹಾಕಿ ಕೂರಿಸಿ, ಎಲ್ಲರೂ ಅವರ ಮುಂದೆ ಮಂಡಿಯೂರಿ ಮೂರು ಸಲ ಹಣೆ ನೆಲಕ್ಕೆ ಮುಟ್ಟಿಸಿ, ಕಂಬಳಿ, ಹಾರ್ಲಿಕ್ಸ್, ಮೊಣಕಾಲಿಗೆ ತಿಕ್ಕುವ ತೈಲ ಕೊಟ್ಟು ಕಳಿಸುತ್ತಾರೆ. ವುನ್ನ ಎಷ್ಟೋ ವರ್ಷ ಅಲ್ಲಿ ಮಂಡಿಯೂರಿ, ಆಮೇಲೆ ಎದ್ದು, ಗಿಟಾರ್ ಹೆಗಲಿಗೇರಿಸಿ ಹಾಡಿದ್ದಾನೆ. ಮುದುಕರು ಕಿವಿ ಮುಚ್ಚಿಕೊಳ್ಳುವಷ್ಟು ಜೋರಾಗಿ ಹಾಡಿದ್ದಾನೆ. ಆಮೇಲೆ ಕರೆಯುವುದು ನಿಂತಿತು. ಈಗ ಮತ್ತೆ ಕರೆದಿದ್ದಾರೆಂದರೆ ಆ ತುಟಿಗೆ ರಿಂಗ್ ಹಾಕಿಕೊಂಡ ಹುಡುಗರಿಂದ ಏನೂ ಆಗಲಿಲ್ಲವೆಂದು ಗೊತ್ತಾಗಿರಬೇಕು. ಗಿಟಾರಿಗೆ ಹೊಸ ತಂತಿ ಹಾಕಿಸಿದ್ದಾನೆ. ಮೂರು ದಿನದಿಂದ ಎಲೆಯಡಿಕೆ ಬಿಟ್ಟಿದ್ದಾನೆ, ಹಲ್ಲಿನ ಕೆಂಪು ಇನ್ನೂ ಹೋಗಿಲ್ಲ. ಗಂಟಲು ಬೆಳಿಗ್ಗೆ ಪರೀಕ್ಷಿಸಿ ನೋಡಿದಾಗ ಮೇಲಿನ ಸ್ವರದಲ್ಲಿ ಸ್ವಲ್ಪ ಕರಕರ ಎಂದಿತು. ಅದೂ ಒಳ್ಳೆಯದೇ, ರಾಕ್ ಹಾಡುವವನ ಗಂಟಲು ರೇಡಿಯೋ ಗಾಯಕಿಯರದಂತೆ ಜೇನು ಸುರಿಸಬೇಕಾಗಿಲ್ಲ.

ಒಳಗೆ ಅಡುಗೆಮನೆಯಲ್ಲಿ ನ್ವೆ ಈರುಳ್ಳಿ ಹುರಿಯುತ್ತ ಗುನುಗುತ್ತಿದ್ದಳು. ಮದುವೆಯಾದಾಗಿನಿಂದ ಅವಳು ಈರುಳ್ಳಿ ಹುರಿಯುವಾಗ ಅದೇ ಹಾಡನ್ನು ಗುನುಗುತ್ತಾಳೆ, ಮದುವೆಯಾದಾಗಿನಿಂದ ತಪ್ಪಾಗಿ ಗುನುಗುತ್ತಾಳೆ. ಇಡೀ ದೇಶದ ಬಾಯಲ್ಲಿರುವ ಹಾಡು ಹಾಡಿದವನ ಹೆಂಡತಿಯ ಬಾಯಲ್ಲಿ ಮಾತ್ರ ಸರಿಯಾಗಿ ಬರುವುದಿಲ್ಲ ಎಂದು ಅವನು ಸ್ನೇಹಿತರೆದುರು ತಮಾಷೆ ಮಾಡಿದ್ದುಂಟು. ಅವಳೂ ನಗುತ್ತಿದ್ದಳು. ಮನೆಯಲ್ಲಿ ಮಾತ್ರ ಆ ತಪ್ಪು ಸಾಲು ಶುರುವಾಗುತ್ತಿದ್ದಂತೆ ಬೈದು ನಿಲ್ಲಿಸುತ್ತಿದ್ದ. ಇವತ್ತಂತೂ ತಡೆಯಲಾಗಲಿಲ್ಲ. ಎಣ್ಣೆಯ ಸದ್ದಿನ ಮೇಲೆ ಅವಳ ತೆಳು ದನಿ, "ಬಾಗಿಲು ತಟ್ಟಿದರೆ, ಅಮ್ಮಾ, ದೀಪ..." ಎಂದು ಏರುತ್ತಿದ್ದಂತೆ ಅವನು ಕೂತಲ್ಲಿಂದಲೇ ಕೂಗಿದ.

"ಏ ನ್ವೆ! ದೀಪವೂ ಇಲ್ಲ ಗೀಪವೂ ಇಲ್ಲ, ಹುಣ್ಣಿಮೆ ಅದು, ಹುಣ್ಣಿಮೆ! ಇವತ್ತಾದ್ರೂ ನನ್ನ ತಲೆ ಕೆಡಿಸ್ಬೇಡ."

ಸೌಟಿನ ಸದ್ದು ನಿಂತಿತು. ಕೆನ್ನೆಗೆಲ್ಲ ತನಖಾ ಮರದ ಗಂಧ ಬಳಿದುಕೊಂಡ ಮುಖವನ್ನು ಬಾಗಿಲಲ್ಲಿ ತೋರಿಸಿ ಅವಳು ಹೇಳಿದಳು, "ನಾನು ಸ್ಟೇಜ್ ಮೇಲೆ ಹಾಡ್ತಿದೀನಾ ಕೋ ವುನ್ನ? ಈರುಳ್ಳಿಗೆ ತಾನೆ ಹಾಡ್ತಿರೋದು."

"ಈರುಳ್ಳಿಗಾದ್ರೂ ಸರಿಯಾಗಿ ಹಾಡು. ಬರದಿದ್ರೆ ಬಾಯಿ ಮುಚ್ಕೊಂಡಿರು."

"ಆಯ್ತು, ಮುಚ್ಕೊಂಡೆ. ನೀವು ಮೊದಲು ಕಿವಿ ಮೇಲಿನ ಕಪ್ಪು ಒರೆಸ್ಕೊಳ್ಳಿ, ಇಳೀತಾ ಇದೆ."

ಅಷ್ಟು ಹೇಳಿ ಒಳಗೆ ಹೋದಳು. ಮತ್ತೆ ಗುನುಗಲಿಲ್ಲ. ಅವನಿಗೆ ಸ್ವಲ್ಪ ಕೆಡುಕೆನಿಸಿತು, ಸ್ವಲ್ಪವೇ. ಸ್ಟೇಜ್ ಹತ್ತುವ ದಿನ ಗಂಡಸಿಗೆ ಸಿಟ್ಟು ಬರುವುದು ಸಹಜ, ಅದನ್ನು ಅರ್ಥ ಮಾಡಿಕೊಳ್ಳಬೇಕಾದ್ದು ಅವಳ ಕೆಲಸ ಎಂದು ತನಗೆ ತಾನೇ ತೀರ್ಪು ಕೊಟ್ಟುಕೊಂಡು ತಲೆ ತೊಳೆಯಲು ಎದ್ದ.

ಕಪ್ಪು ಜೀನ್ಸ್, ಕಪ್ಪು ಶರ್ಟು, ಮಂಡಲೆಯ ದೊಡ್ಡ ಕಾರ್ಯಕ್ರಮಕ್ಕೆಂದು ಹೊಲಿಸಿದ್ದ ಉದ್ದ ಬೂಟು. ಟ್ಯಾಕ್ಸಿಯವನು ಗಿಟಾರ್ ನೋಡಿ, ಬ್ಯಾಂಡಿನವರಾ ಎಂದು ಕೇಳಿದ. ವುನ್ನ ಹೆಸರು ಹೇಳಲಿಲ್ಲ, ಹಾಡಿನ ಹೆಸರು ಹೇಳಿದ, ಸುಮ್ಮನೆ ಮಾತಿಗೆಂಬಂತೆ. "ಅಯ್ಯೋ, ನಮ್ಮಮ್ಮಂಗೆ ಪ್ರಾಣ ಆ ಹಾಡು! ಅದನ್ನ ಹಾಡಿದೋರು ತೀರಿಕೊಂಡ್ರಲ್ವಾ?" ಎಂದ ಟ್ಯಾಕ್ಸಿಯವನು. ವುನ್ನ ಕಿಟಕಿಯ ಹೊರಗೆ ನೋಡುತ್ತ, "ಇರಬಹುದು" ಎಂದ. ಬೀದಿಯ ಎರಡೂ ಬದಿ ಬಣ್ಣದ ಕಾಗದದ ಗೂಡುದೀಪ ಕಟ್ಟುತ್ತಿದ್ದರು. ಈ ಜನಕ್ಕೆ ಸತ್ತವನೂ ಒಂದೇ ಬದುಕಿದವನೂ ಒಂದೇ, ಹಾಡು ಮಾತ್ರ ಅವರಮ್ಮಂದಿರಿಗೆ ಪ್ರಾಣ. ಒಂದು ಸಲ ಟಿವಿಯವರು ಅವನನ್ನು ಕರೆದಿದ್ದರು, ಹೆಗಲ ಮೇಲಿನ ಕೂದಲು ಕಂಡರೆ ಪ್ರಸಾರ ಮಾಡುವಂತಿಲ್ಲ ಎಂದರು. ಬೇರೆಯವನಾಗಿದ್ದರೆ ಎದ್ದು ಬರುತ್ತಿದ್ದ. ಅವನು ಕೂದಲನ್ನು ಗಂಟು ಕಟ್ಟಿ ಹೆಂಗಸರ ಕ್ಲಿಪ್ಪು ಹಾಕಿ ಟೋಪಿಯೊಳಗೆ ತುರುಕಿಕೊಂಡು, ಸ್ಕೂಲ್ ಮೇಷ್ಟರಂತೆ ನೆಟ್ಟಗೆ ನಿಂತು, ತಲೆ ಅಲ್ಲಾಡಿಸಿದರೆ ಟೋಪಿ ಬಿದ್ದೀತೆಂದು ಕುತ್ತಿಗೆ ಬಿಗಿಹಿಡಿದು ಹಾಡಿದ. ಮರುದಿನ ಹುಡುಗರೆಲ್ಲ ಅಂಥದೇ ಟೋಪಿ ಹುಡುಕಿಕೊಂಡು ಅಲೆದರು. ಅದು ಹೊಸ ಸ್ಟೈಲ್ ಎಂದುಕೊಂಡಿದ್ದರು ಪೆದ್ದ ಮುಂಡೇವು. ಅವನೂ ಹೌದೆಂದು ಹೇಳಿಕೊಂಡು ತಿರುಗಿದ್ದ. ಕ್ಲಿಪ್ಪು ನ್ವೆಯದು.

ಸಭಾಂಗಣದ ಹಿಂಬಾಗಿಲಲ್ಲಿ ಕೋ ಪೋ ಒಂದು ಕೈಯಲ್ಲಿ ಫೋನ್ ಹಿಡಿದು ಇನ್ನೊಂದು ಕೈಯಿಂದ ಅವನ ಹೆಗಲಿನ ಗಿಟಾರನ್ನು ಇಳಿಸಿಕೊಂಡ. "ಇದನ್ಯಾಕೆ ಹೊತ್ಕೊಂಡು ಬರೋಕೆ ಹೋದ್ರಿ ಉಲೇ, ಈ ವಯಸ್ಸಲ್ಲಿ?" ಎಂದು ನಿಜವಾದ ಕನಿಕರದಿಂದ ಕೇಳಿ, ಗಿಟಾರನ್ನು ನೀರಿನ ಕ್ಯಾನುಗಳ ಪಕ್ಕಕ್ಕೆ ಒರಗಿಸಿದ. ವುನ್ನ ಏನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಮೊಣಕೈ ಹಿಡಿದು, ಮೆಟ್ಟಿಲು ನಿಧಾನ, ನಿಧಾನ, ಎನ್ನುತ್ತ ಸ್ಟೇಜಿನ ಮೇಲಕ್ಕೆ ಹತ್ತಿಸಿದ. ಅಲ್ಲಿ ಕುರ್ಚಿಗಳ ಸಾಲು. ಕೆಂಪು ಬಟ್ಟೆ ಹೊದಿಸಿದ ಕುರ್ಚಿಗಳಲ್ಲಿ ಲುಂಗಿ, ಬಿಳಿ ಜಾಕೀಟಿನ ಮುದುಕರು, ಮುಡಿಗೆ ಹೂವಿಟ್ಟುಕೊಂಡ ಒಬ್ಬಿಬ್ಬರು ಮುದುಕಿಯರು, ಆಗಲೇ ಪೂಜೆಗೆ ತಯಾರಾದ ಮುಖ ಮಾಡಿಕೊಂಡು ಕೂತಿದ್ದರು. ಒಂದು ಕುರ್ಚಿ ಖಾಲಿ ಇತ್ತು. ಅದರ ಬೆನ್ನಿಗೆ ಅಂಟಿಸಿದ ಕಾಗದದಲ್ಲಿ ಅವನ ಹೆಸರಿತ್ತು, ಹೆಸರಿನ ಮುಂದೆ 'ಕೋ' ಹೋಗಿ ಹಿರಿಯರಿಗೆ ಹಾಕುವ 'ಉ' ಸೇರಿಸಿ, ಉ ವುನ್ನ ಎಂದು. ಆಗ ಅವನಿಗೆ ಅರ್ಥವಾಯಿತು. ತಕ್ಷಣ ಬೆನ್ನು ತಿರುಗಿಸಿ ಇಳಿದುಹೋಗಬೇಕೆನಿಸಿತು. ಆದರೆ ಎದುರಿಗೆ ತುಂಬಿದ ಸಭೆ ಚಪ್ಪಾಳೆ ತಟ್ಟಲು ಶುರುಮಾಡಿತ್ತು, ಚಪ್ಪಾಳೆ ಕೇಳಿಸಿದಲ್ಲಿಂದ ಅವನು ಯಾವತ್ತೂ ಎದ್ದು ಹೋದವನಲ್ಲ.

"ಬೂಟು ಉಲೇ," ಎಂದ ಕೋ ಪೋ ಕಿವಿಯಲ್ಲಿ. "ನಮಸ್ಕಾರ ಮಾಡಿಸ್ಕೊಳ್ಳೋರು ಬೂಟು ಹಾಕೊಂಡಿರಬಾರದಲ್ಲ."

ಬೂಟು ಬಿಚ್ಚಿದ. ಬಲಗಾಲಿನ ಕಾಲುಚೀಲದಲ್ಲಿ ತೂತಿತ್ತು, ಹೆಬ್ಬೆರಳು ಪೂರ್ತಿ ಹೊರಗೆ ಬಂದಿತ್ತು. ಬೂಟಿನೊಳಗೆ ಯಾರು ನೋಡುತ್ತಾರೆಂದು ಬೆಳಿಗ್ಗೆ ಅದನ್ನೇ ಹಾಕಿಕೊಂಡಿದ್ದ. ಉಳಿದವರೆಲ್ಲ ಲುಂಗಿಯ ಕೆಳಗೆ ಬರಿಗಾಲಿನಲ್ಲಿ ಗೌರವದಿಂದ ಕೂತಿದ್ದರೆ, ಅವನೊಬ್ಬ ಬಿಗಿ ಜೀನ್ಸಿನಲ್ಲಿ ಹೆಬ್ಬೆರಳನ್ನು ಇನ್ನೊಂದು ಪಾದದ ಕೆಳಗೆ ಅಡಗಿಸಿಕೊಂಡು ಕೂತ. ಇನ್ನು ಸ್ವಲ್ಪ ಹೊತ್ತಿಗೆ ಬರ್ಮಾದ ಹೊಸ ಸಂಗೀತಲೋಕವೆಲ್ಲ ಸಾಲಾಗಿ ಬಂದು ಈ ಹೆಬ್ಬೆರಳಿಗೆ ಅಡ್ಡಬೀಳಲಿತ್ತು.

"ಬಂದ್ಯಾ ವುನ್ನ? ಕೂದಲು ಬಹಳ ಕಪ್ಪಾಗಿದೆ ನಿಂದು," ಎಂದಿತು ಪಕ್ಕದ ಕುರ್ಚಿ.

ಪಕ್ಕದಲ್ಲಿದ್ದವನು ಎಲ್ಲರೂ ಸಯಾ, ಗುರು, ಎಂದು ಕರೆಯುವ ಖಿನ್ ಪೆ. ಆ ಹಾಡು ಬರೆದವನು. ಕಟ್ಟುಹಲ್ಲು, ದಪ್ಪ ಕನ್ನಡಕ, ಮಡಿಲಲ್ಲಿ ಸುಕ್ಕುಗಟ್ಟಿದ ಕೈಗಳು. ವುನ್ನ ಈ ಮನುಷ್ಯನ ಎದುರಿಗೆ ಬರದಂತೆ ಮೂವತ್ತು ವರ್ಷಕ್ಕೂ ಮೀರಿ ತಪ್ಪಿಸಿಕೊಂಡಿದ್ದ. ಚಹಾದಂಗಡಿಯಲ್ಲಿ ಇವನ ಸ್ವರ ಕೇಳಿಸಿದರೆ ಹಿಂಬಾಗಿಲಿನಿಂದ ಹೋಗುತ್ತಿದ್ದ, ಸಾವಿನ ಮನೆಗಳಿಗೆ ಇವನು ಹೋದ ಮೇಲೆ ಹೋಗುತ್ತಿದ್ದ. ಯಾಕೆಂದರೆ ಖಿನ್ ಪೆ ಮಾತ್ರ ಶುದ್ಧ ಎಂದು ಅವನು ನಂಬಿದ್ದ. ಉಳಿದವರನ್ನೆಲ್ಲ ಅವನು ತಿರಸ್ಕರಿಸಬಲ್ಲವನಾಗಿದ್ದ: ಡೋಲು ಬಡಿಯುತ್ತಿದ್ದ ತಿನ್ ಲ ಜವಳಿ ಅಂಗಡಿ ಇಟ್ಟು ಉದ್ಧಾರವಾದ, ಬೇಸ್ ನುಡಿಸುತ್ತಿದ್ದವನು ಸಿಂಗಪುರಕ್ಕೆ ಓಡಿದ, ಕ್ಯಾಸೆಟ್ ಕಂಪನಿಯವನು ವುನ್ನನ ಹಾಡಿನಿಂದ ಎರಡು ಮನೆ ಕಟ್ಟಿಸಿದ. ಎಲ್ಲ ಕಳ್ಳರು. ಖಿನ್ ಪೆ ಒಬ್ಬನೇ ಮಾರಿಕೊಳ್ಳದವನು, ಮತ್ತು ಆ ಒಬ್ಬನನ್ನೇ ವುನ್ನ ಮಾರಿದ್ದ.

ನ್ವೆಯ ಅಪ್ಪನ ಮನೆಯ ಅಟ್ಟದಲ್ಲಿ ಅವರು ಅಭ್ಯಾಸ ಮಾಡುತ್ತಿದ್ದರು. ಹಡಗಿನವನೊಬ್ಬ ತಂದುಕೊಟ್ಟ ಕ್ಯಾಸೆಟ್ಟಿನಲ್ಲಿ ಯಾವುದೋ ದೇಶದ ಯಾವುದೋ ಬ್ಯಾಂಡಿನ ಧಾಟಿ ಇತ್ತು, ಮೇಲಿನ ಕಾಗದ ಕಿತ್ತುಹೋಗಿದ್ದರಿಂದ ಅದು ಯಾರದೆಂದು ಇವತ್ತಿಗೂ ಗೊತ್ತಿಲ್ಲ. ಆಗ ಎಲ್ಲರೂ ಮಾಡುತ್ತಿದ್ದುದೇ ಅದು, ಪರದೇಶದ ಧಾಟಿ ತೆಗೆದುಕೊಂಡು ಅದಕ್ಕೆ ನಮ್ಮ ಮಾತು ಕೂರಿಸುವುದು. ಅದಕ್ಕೆ ನಾಚಿಕೆಪಟ್ಟವರನ್ನು ಅವನು ನೋಡಿಲ್ಲ. ಖಿನ್ ಪೆ ಮೂಲೆಯಲ್ಲಿ ಚೆರೂಟು ಸೇದುತ್ತ ಕೂತು ಮಾತು ಬರೆದ. ಕೆಳಗಿನಿಂದ ಚಹಾ ತಂದ ನ್ವೆ, ಆಗಿನ್ನೂ ಎರಡು ಜಡೆಯ ಹುಡುಗಿ, ಏಣಿಯ ಮೇಲಿನ ಮೆಟ್ಟಿಲಲ್ಲಿ ಕೂತು ಪೂರ್ತಿ ಕೇಳುತ್ತಿದ್ದಳು. ಹಾಡು ಪಾಸು ಮಾಡುವ ಮಿಲಿಟರಿ ಸರ್ಕಾರದ ಕಚೇರಿಗೆ ಮಾತುಗಳನ್ನು ಒಯ್ದವನು ವುನ್ನ. ಸೂರ್ಯಕಾಂತಿ ಬೀಜ ಕಚ್ಚಿ ಸಿಪ್ಪೆ ಉಗಿಯುತ್ತಿದ್ದ ಗುಮಾಸ್ತ, ಓದಿ, ಒಂದು ಸಾಲಿನ ಮೇಲೆ ಬೆರಳಿಟ್ಟ. "ಬಾಗಿಲು ಯಾರು ತಟ್ತಾರಪ್ಪ? ಅಮ್ಮನ್ನ ಯಾಕೆ ಎಬ್ಬಿಸ್ತೀಯ? ದೀಪದ ವಿಷ್ಯ ಎಲ್ಲ ಯಾಕೆ ಬೇಕು ನಿಂಗೆ? ಹುಣ್ಣಿಮೆ ಹಾಕು. ಜನಕ್ಕೆ ಹುಣ್ಣಿಮೆ ಅಂದ್ರೆ ಇಷ್ಟ." ಅಷ್ಟು ಹೇಳಿ ತಾನೇ ಕೆಂಪು ಪೆನ್ನಿನಲ್ಲಿ ಬದಿಗೆ ಬರೆದ: ಬಾಗಿಲು ತಟ್ಟಿದರೆ, ಚಿನ್ನಾ, ಹುಣ್ಣಿಮೆ ಬಂತೆಂದು ತಿಳಿ. ಬರೆದು, ಚೆನ್ನಾಗಿದೆಯಲ್ಲ ಎಂಬಂತೆ ಇವನ ಮುಖ ನೋಡಿದ. ವುನ್ನ, "ಚೆನ್ನಾಗಿದೆ ಸಯಾ" ಎಂದ. ಆ 'ಸಯಾ' ಎಂಬ ಗೌರವದ ಮಾತು ಎಷ್ಟು ಸಲೀಸಾಗಿ ಬಾಯಿಂದ ಬಿತ್ತು ಎನ್ನುವುದು ಇಂದಿಗೂ ಅವನಿಗೆ ಉರಿಯುತ್ತದೆ. ರೆಕಾರ್ಡಿಂಗಿಗೆ ಖಿನ್ ಪೆ ಬರಲಿಲ್ಲ. ಬರುವುದಿಲ್ಲವೆಂದು ವುನ್ನನಿಗೆ ಗೊತ್ತಿತ್ತು. ಕ್ಯಾಸೆಟ್ ಬಂತು, ದೇಶವೆಲ್ಲ ಹುಣ್ಣಿಮೆ ಹುಣ್ಣಿಮೆ ಎಂದು ಕುಣಿಯಿತು. ಮದುವೆಗಳಲ್ಲಿ ಆ ಸಾಲು, ಲಾರಿಗಳ ಹಿಂದೆ ಆ ಸಾಲು, ಪ್ರೇಮಿಗಳ ತೋಳಿನ ಹಚ್ಚೆಯಲ್ಲಿ ಆ ಸಾಲು. ಒಬ್ಬ ಬೀಜ ತಿನ್ನುವ ಗುಮಾಸ್ತ ಬರೆದ ಸಾಲು. ಇದಕ್ಕಿಂತ ದೊಡ್ಡ ಬಯ್ಗುಳವನ್ನು ಒಂದು ದೇಶಕ್ಕೆ ಯಾರೂ ಬಯ್ಯಲಾರರು ಎಂದು ಅವನು ಒಳಗೊಳಗೇ ಹಲ್ಲು ಕಡಿಯುತ್ತಿದ್ದ, ಹೊರಗೆ ಬಾಗಿ ಚಪ್ಪಾಳೆ ತೆಗೆದುಕೊಳ್ಳುತ್ತಿದ್ದ.

ಮುಡಿಗೆ ಆರ್ಕಿಡ್ ಸಿಕ್ಕಿಸಿಕೊಂಡ ನಿರೂಪಕಿ ಒಬ್ಬೊಬ್ಬ ಹಿರಿಯರನ್ನೂ ಹೊಗಳುತ್ತ ಬಂದಳು. ಪ್ರತಿಯೊಬ್ಬರಿಗೂ ಒಂದೇ ಅಳತೆಯ ಹೊಗಳಿಕೆ, ಹೆಸರು ಮಾತ್ರ ಬೇರೆ. ಖಿನ್ ಪೆಯ ಹತ್ತಿರ ಬಂದಾಗ ಅವಳ ದನಿ ನಡುಗಿತು. "ಸಯಾ ಬೇರೇನೂ ಬರೀದೆ ಇದ್ದಿದ್ರೂ ಈ ಒಂದು ಸಾಲು ಸಾಕಿತ್ತು. ಬಾಗಿಲು ತಟ್ಟಿದರೆ, ಚಿನ್ನಾ, ಹುಣ್ಣಿಮೆ ಬಂತೆಂದು ತಿಳಿ! ನನ್ನ ಗಂಡ ನನ್ನನ್ನ ಒಪ್ಪಿಸಿದ್ದೇ ಈ ಸಾಲು ಹೇಳಿ." ಸಭೆ ನಕ್ಕಿತು, ಚಪ್ಪಾಳೆ ತಟ್ಟಿತು. ವುನ್ನ ಪಕ್ಕಕ್ಕೆ ನೋಡಿದ. ಈಗ ಮುದುಕ ಎದ್ದು ನಿಲ್ಲುತ್ತಾನೆ. ಮೂವತ್ತು ವರ್ಷ ನುಂಗಿದ್ದನ್ನು ಈಗ ಕಾರುತ್ತಾನೆ, ಕೋಲು ತೋರಿಸಿ, ಇವನು, ಈ ಕಪ್ಪು ಕೂದಲಿನ ನಾಯಿ, ಎನ್ನುತ್ತಾನೆ. ಹೇಳಲಿ. ಹೇಳಿದರೆ ಒಳ್ಳೆಯದೇ. ಖಿನ್ ಪೆ ಎದ್ದು ನಿಂತ. ಕೈ ಮುಗಿದ. ಹುಡುಗಿಯೊಬ್ಬಳನ್ನು ಹೊಗಳಿದರೆ ಅವಳು ನಾಚುವಂತೆ ನಾಚಿ, ಕಟ್ಟುಹಲ್ಲು ತೋರಿಸಿ ನಕ್ಕು, ಕೂತುಕೊಂಡ.

"ಸಯಾ," ಎಂದ ವುನ್ನ ತಗ್ಗಿದ ದನಿಯಲ್ಲಿ. "ಅದು ನೀವು ಬರೆದ ಸಾಲಲ್ಲ."

"ಏನು?" ಮುದುಕ ಕಿವಿ ಹತ್ತಿರ ತಂದ.

"ಹುಣ್ಣಿಮೆ ಸಾಲು. ಅದನ್ನ ಬರೆದದ್ದು ಆ ಕಚೇರಿ ಗುಮಾಸ್ತ."

"ಯಾವ ಗುಮಾಸ್ತ?"

"ನೀವು ರೆಕಾರ್ಡಿಂಗಿಗೆ ಬರ್ಲಿಲ್ಲವಲ್ಲ ಸಯಾ. ಅದಕ್ಕೇ ಅಲ್ವಾ?"

"ಓ, ಅದಾ! ಪ್ಯೇ ಊರಲ್ಲಿ ನನ್ನ ತಂಗಿಗೆ ಹೆರಿಗೆ ಕಣಯ್ಯ. ಗಂಡುಮಗು. ಈಗ ಅವನೇ ಡಾಕ್ಟರು." ಖಿನ್ ಪೆ ಸಂತೋಷದಿಂದ ಇವನ ತೊಡೆ ತಟ್ಟಿದ. "ಆಮೇಲೆ ನೀನು ಯಾಕೋ ನಮ್ಮನೆಗೆ ಬರೋದೇ ಬಿಟ್ಬಿಟ್ಟೆ. ಹೆಸರು ಬಂತು, ತಲೆ ತಿರುಗಿದೆ ಹುಡುಗಂಗೆ ಅಂತ ನಾವು ಗಂಡಹೆಂಡ್ತಿ ಆಡ್ಕೊಂಡ್ವಿ. ಹೋಗ್ಲಿ ಬಿಡು. ನನ್ನ ಮಗಳ ಮದುವೇಲೂ ಅದೇ ಹಾಡು ಹಾಕಿಸಿದ್ದೆ."

ವುನ್ನ ಅವನ ಮುಖವನ್ನು ನೋಡಿದ. ಅಲ್ಲಿ ಸುಳ್ಳಿರಲಿಲ್ಲ. ಸುಳ್ಳಿದ್ದರೆ ಅವನಿಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಕದ್ದು ಹಿಂಬಾಗಿಲಿನಿಂದ ಹೋದ ಸಂಜೆಗಳೆಲ್ಲ, ನಿದ್ದೆ ಬಾರದೆ ತನ್ನನ್ನು ತಾನು ಬೈದುಕೊಂಡದ್ದೆಲ್ಲ, ಈ ಮುದುಕನ ತಂಗಿಯ ಬಾಣಂತನಕ್ಕೆ ಸಂದಿತ್ತು. ತನ್ನ ಪಾಪವಾದರೂ ತನ್ನದೇ, ಅದಾದರೂ ದೊಡ್ಡದು ಎಂದುಕೊಂಡಿದ್ದ. ಅದೂ ಕೈತಪ್ಪಿ ಹೋಯಿತಲ್ಲ ಎಂದು ಅವನಿಗೆ ಅಳು ಬರುವಂತಾಯಿತು, ಜೊತೆಗೇ ನಗುವೂ. ಆದರೆ ಆ ಮೊದಲಿನ ಸಾಲು ಇತ್ತು. ಇವನು ಮರೆತರೇನು, ಆ ಅಟ್ಟದ ಮೇಲೆ ಅದನ್ನು ಹಾಡಿದ್ದು ತಾನು. ಇಡೀ ಪ್ರಪಂಚದಲ್ಲಿ ಅದು ಇರುವುದು ತನ್ನೊಬ್ಬನ ಗಂಟಲಿನಲ್ಲಿ. ಇಷ್ಟು ವರ್ಷ ಅದನ್ನು ಹೊರಗೆ ತೆಗೆಯದೆ ಇಟ್ಟದ್ದು ಈ ದಿನಕ್ಕೇ ಇರಬೇಕು ಎನ್ನಿಸಿ ಅವನ ಮೈ ಬಿಸಿಯಾಯಿತು. ಒಂದೇ ಒಂದು ಸಲ ಮೈಕು ಕೈಗೆ ಸಿಗಲಿ.

ಮೈಕು ಬಂತು. ಖಾಂಟ್ ಎಂಬ ಹುಡುಗ, ಈ ವರ್ಷದ ದೊಡ್ಡ ಹೆಸರು, ಜೋಳದ ಬಣ್ಣದ ಕೂದಲು, ತೋಳಿನ ತುಂಬ ಹಚ್ಚೆ, ಸ್ಟೇಜಿನ ನಡುವೆ ಎತ್ತರದ ಸ್ಟೂಲಿನಲ್ಲಿ ಕೂತು ವುನ್ನನ ಹಾಡನ್ನು ಜೋಗುಳದಂತೆ ನಿಧಾನ ಮಾಡಿ ಹಾಡತೊಡಗಿದ. ಡ್ರಮ್ಮಿಲ್ಲ, ಕೂಗಿಲ್ಲ, ಒಂದೊಂದು ಮಾತಿನ ಮೇಲೂ ಕಣ್ಣು ಮುಚ್ಚಿ ನರಳುವುದು. ಇದನ್ನು ಹಾಡು ಎನ್ನುತ್ತಾರೆ ಈಗ, ಹೊಟ್ಟೆನೋವು ಬಂದ ಹುಡುಗನ ಹಾಗೆ. ಸಭೆಯಲ್ಲಿ ಹೆಂಗಸರು ಕಣ್ಣೊರೆಸಿಕೊಳ್ಳುತ್ತಿದ್ದರು. ಹುಣ್ಣಿಮೆಯ ಸಾಲು ಹತ್ತಿರ ಬರುತ್ತಿದ್ದಂತೆ ಖಾಂಟ್ ಎದ್ದು, ವಿನಯದಿಂದ ಬಗ್ಗಿ ಬಗ್ಗಿ ನಡೆದುಬಂದು, ವುನ್ನನ ಮುಂದೆ ಮಂಡಿಯೂರಿ, ಎರಡೂ ಕೈಯಲ್ಲಿ ಮೈಕು ಎತ್ತಿ ಹಿಡಿದ. ಗಿಟಾರಿನವನು ಅದೇ ಎರಡು ಸ್ವರಗಳನ್ನು ಸುತ್ತಿ ಸುತ್ತಿ ನುಡಿಸುತ್ತ ಕಾದ. ಎಷ್ಟೋ ಫೋನುಗಳು ಮೇಲೆದ್ದವು.

ಬಾಗಿಲು ತಟ್ಟಿದರೆ. ವುನ್ನ ಹಾಡಿದ. ಗಂಟಲು ಕರಕರ ಎನ್ನದೆ ಏರಿತು. ಅವನಿಗೇ ಆಶ್ಚರ್ಯವಾಗುವಂತೆ ಏರಿತು. ಬಾಗಿಲು ತಟ್ಟಿದರೆ, ಅಮ್ಮಾ, ಎನ್ನಬೇಕು ಈಗ, ಅಮ್ಮಾ, ದೀಪ... ದೀಪ ಏನು? ದೀಪ ಹಚ್ಚು ಎಂದಿತ್ತೇ, ಆರಿಸು ಎಂದಿತ್ತೇ? ಹಿಡಿಯಲು ಬಂದವರು ಮಗನನ್ನು ಕಾಣದಿರಲೆಂದು ಅಮ್ಮ ಆರಿಸಬೇಕಾಗಿತ್ತೇ, ಅಥವಾ ಬಂದವರ ಮುಖ ಕಾಣಲೆಂದು ಹಚ್ಚಬೇಕಾಗಿತ್ತೇ? ಅಟ್ಟ ಕಂಡಿತು, ಚೆರೂಟಿನ ಹೊಗೆ ಕಂಡಿತು, ಏಣಿಯ ಮೇಲೆ ಎರಡು ಜಡೆ ಕಂಡಿತು. ಸಾಲು ಕಾಣಲಿಲ್ಲ. ಬೆಳಿಗ್ಗೆ, ಈರುಳ್ಳಿಯ ಸದ್ದಿನ ಮೇಲೆ, ನ್ವೆ ಇದನ್ನೇ ಹಾಡುತ್ತಿದ್ದಳು. ಇದನ್ನೇ. ತಪ್ಪಲ್ಲ ಅದು, ಅವಳು ಒಂದು ದಿನವೂ ತಪ್ಪು ಹಾಡಲಿಲ್ಲ, ಕ್ಯಾಸೆಟ್ ಬರುವ ಮೊದಲೇ ಏಣಿಯ ಮೇಲೆ ಕೂತು ಕಲಿತದ್ದನ್ನೇ ದಿನವೂ ಅವನ ಕಿವಿಯ ಪಕ್ಕದಲ್ಲಿ ಹಾಡಿದಳು, ದಿನವೂ ಅವಳು 'ದೀಪ' ಎನ್ನುವಷ್ಟರಲ್ಲಿ ಅವನು ಬಾಯಿ ಮುಚ್ಚಿಸಿದ. ಇವತ್ತು ಒಂದೇ ಒಂದು ಮಾತಿನಷ್ಟು ಹೊತ್ತು ಸುಮ್ಮನಿದ್ದಿದ್ದರೆ ಸಾಕಿತ್ತು. ಪಕ್ಕಕ್ಕೆ ಬಗ್ಗಿ, "ಸಯಾ, ದೀಪ ಏನು?" ಎಂದು ಪಿಸುಗುಟ್ಟಿದ. ಖಿನ್ ಪೆ, ಅಯ್ಯೋ ಪಾಪ ಮರೆತುಬಿಟ್ಟನಲ್ಲ ಎಂಬ ಅಕ್ಕರೆಯಿಂದ, "ಹುಣ್ಣಿಮೆ, ಹುಣ್ಣಿಮೆ" ಎಂದು ಹೇಳಿಕೊಟ್ಟ. ಅದು ಮೈಕಿನಲ್ಲಿ ಎಲ್ಲರಿಗೂ ಕೇಳಿಸಿತು. ಸಭೆ ಪ್ರೀತಿಯಿಂದ ನಕ್ಕಿತು. ವುನ್ನನ ಬಾಯಿ, ಅವನನ್ನು ಕೇಳದೆಯೇ, ಇಷ್ಟು ವರ್ಷ ಹಾಡಿದ್ದನ್ನು ಹಾಡಿತು: ಚಿನ್ನಾ, ಹುಣ್ಣಿಮೆ ಬಂತೆಂದು ತಿಳಿ. ಸಭಾಂಗಣ ಕಿತ್ತುಹೋಗುವಂಥ ಚಪ್ಪಾಳೆ. ಮಂಡಲೆಯಲ್ಲೂ ಅವನಿಗೆ ಅಷ್ಟು ಚಪ್ಪಾಳೆ ಬಿದ್ದಿರಲಿಲ್ಲ.

ಆಮೇಲೆ ಎಲ್ಲರೂ ಮಂಡಿಯೂರಿದರು. ದೇಹದಿಂದ, ಮಾತಿನಿಂದ, ಮನಸ್ಸಿನಿಂದ ಮಾಡಿದ ತಪ್ಪುಗಳನ್ನು ಕ್ಷಮಿಸಿ ಎಂದು ಒಟ್ಟಿಗೆ ಹೇಳಿ, ಮೂರು ಸಲ ಹಣೆ ನೆಲಕ್ಕೆ ತಾಗಿಸಿದರು. ವುನ್ನನ ಎದುರಿಗೇ ಇದ್ದ ಖಾಂಟ್‌ನ ಹಣೆ ಮೂರನೆಯ ಸಲ ಹೆಬ್ಬೆರಳಿಗೆ ತಾಗಿಯೇಬಿಟ್ಟಿತು. ವುನ್ನ ಅದನ್ನು ಅಡಗಿಸುವುದನ್ನು ಯಾವಾಗಲೋ ಮರೆತಿದ್ದ. ಸಾಲಿನುದ್ದಕ್ಕೂ ಮುದುಕರು ಬಾಯಿಪಾಠದ ಹರಕೆ ಹೇಳುತ್ತಿದ್ದರು, ಆಯಸ್ಸು ಗಟ್ಟಿಯಾಗಲಿ, ಆರೋಗ್ಯವಿರಲಿ, ಹೆಸರು ಬರಲಿ. ಹುಡುಗ ಕೈಮುಗಿದು ಮುಖವೆತ್ತಿ ಕಾದಿದ್ದ. ಅವನ ಜೋಳದ ಕೂದಲಿನ ಬುಡದಲ್ಲಿ ಕಪ್ಪು ಇಣುಕುತ್ತಿತ್ತು. ಇವನೂ ಬಣ್ಣ ಹಚ್ಚಿದವನೇ.

"ನಿಂಗೂ ಈ ಕುರ್ಚಿ ಸಿಗ್ಲಿ ಕಣಪ್ಪ," ಎಂದ ವುನ್ನ.

ಶಾಪವೆಂದೇ ಹೇಳಿದ್ದು. ಹುಡುಗನ ಕಣ್ಣು ತುಂಬಿ ಬಂತು. "ಅಷ್ಟು ದೊಡ್ಡ ಮಾತಾ ಉಲೇ!" ಎಂದು ಮತ್ತೊಮ್ಮೆ, ಲೆಕ್ಕಕ್ಕಿಲ್ಲದ್ದು, ಅಡ್ಡಬಿದ್ದ.

ಮನೆಗೆ ಬರುವಷ್ಟರಲ್ಲಿ ಹೊತ್ತು ಇಳಿದಿತ್ತು. ಒಂದು ಹೆಗಲಿನಲ್ಲಿ ಗಿಟಾರ್, ಒಂದು ಕಂಕುಳಲ್ಲಿ ಕಂಬಳಿ, ಕೈಯಲ್ಲಿ ಹಾರ್ಲಿಕ್ಸ್, ತೈಲ ಇದ್ದ ಮಿಣಮಿಣ ಕಾಗದದ ಬುಟ್ಟಿ. ನಾಲ್ಕು ಮಹಡಿ ಹತ್ತುವಾಗ ಮೊಣಕಾಲು ನಿಜವಾಗಿ ನೋಯುತ್ತಿತ್ತು, ಅದಕ್ಕೂ ಅವನಿಗೆ ಸಿಟ್ಟು ಬಂತು. ದಾರಿಯುದ್ದಕ್ಕೂ ಒಂದೇ ಯೋಚನೆ: ಅವಳನ್ನು ಕೇಳಿದರಾಯಿತು. ಅವಳ ಹತ್ತಿರ ಇದೆ. ಹಾಡು ಎಂದರೆ ಹಾಡುತ್ತಾಳೆ, ಇಷ್ಟು ವರ್ಷ ಹಾಡಬೇಡ ಎಂದರೂ ಹಾಡಿದವಳು. ನ್ವೆ ಬಾಲ್ಕನಿಯ ಕಟ್ಟೆಯ ಮೇಲೆ ಹಬ್ಬದ ಮೇಣದ ಬತ್ತಿಗಳನ್ನು ನಿಲ್ಲಿಸುತ್ತಿದ್ದಳು. ಅವನನ್ನು ಕಂಡು ಮುಖ ಅರಳಿಸಿದಳು. ಪಕ್ಕದ ಮನೆಯವರ ಫೋನಿನಲ್ಲಿ ಎಲ್ಲ ನೋಡಿದಳಂತೆ, ಇಡೀ ಮಹಡಿಯವರು ಸೇರಿದ್ದರಂತೆ.

"ಹೆಬ್ಬೆರಳು ಎಷ್ಟು ದೊಡ್ಡದಾಗಿ ಕಾಣಿಸ್ತಿತ್ತು ಗೊತ್ತಾ? ಹೊಲಿದುಕೊಡು ಅಂದಿದ್ರೆ ಹೊಲೀತಿರ್ಲಿಲ್ವಾ ನಾನು?"

ಅವನು ಬುಟ್ಟಿಯನ್ನು ಕೆಳಗಿಟ್ಟು ಬೆಳಗಿನ ಸ್ಟೂಲಿನ ಮೇಲೆ ಕೂತ. ಅವಳಿಂದ ಏನನ್ನಾದರೂ ಕೇಳಿ ಪಡೆದು ಅವನಿಗೆ ಅಭ್ಯಾಸವಿರಲಿಲ್ಲ.

"ನ್ವೆ, ಆ ಹಾಡು... ನೀನು ಹಾಡ್ತಿದ್ದೆಯಲ್ಲ, ನಿಮ್ಮಪ್ಪನ ಮನೆ ಅಟ್ಟದ್ದು. ಅದರಲ್ಲಿ ದೀಪ ಹಚ್ಚು ಅಂತ ಇತ್ತಾ, ಆರಿಸು ಅಂತ ಇತ್ತಾ?"

ಅವಳು ಬೆಂಕಿಕಡ್ಡಿ ಹಿಡಿದ ಕೈಯನ್ನು ಹಾಗೆಯೇ ನಿಲ್ಲಿಸಿ ಅವನನ್ನು ಓರೆಗಣ್ಣಿನಿಂದ ನೋಡಿದಳು. ತನ್ನನ್ನು ಸಿಕ್ಕಿಬೀಳಿಸಲು ಬಂದಿದ್ದಾನೆಂದೇ ಅವಳು ತಿಳಿದಳು.

"ಮತ್ತೆ ಶುರು ಮಾಡಿದ್ರಾ? ದೀಪವೂ ಇಲ್ಲ ಗೀಪವೂ ಇಲ್ಲ, ಹುಣ್ಣಿಮೆ ಅದು. ಇಷ್ಟು ವರ್ಷ ಬೈಸ್ಕೊಂಡಿದ್ದು ಸಾಕು ಮಹರಾಯ, ಇನ್ನು ನಿಮಗೆ ಆ ಸುಖ ಇಲ್ಲ. ನೀವು ಹಾಡಿದ್ದನ್ನ ಫೋನಲ್ಲಿ ಮತ್ತೆ ಮತ್ತೆ ಹಾಕಿಸ್ಕೊಂಡು ಕಲಿತಿದ್ದೀನಿ. ಕೇಳ್ತೀರಾ?"

ಅವಳು ಒಂದೊಂದೇ ಬತ್ತಿ ಹಚ್ಚುತ್ತ ಹಾಡಿದಳು, ಸ್ಕೂಲಿನಲ್ಲಿ ಪಾಠ ಒಪ್ಪಿಸುವ ಹುಡುಗಿಯಂತೆ ಬಿಡಿಸಿ ಬಿಡಿಸಿ, ಒಂದು ಮಾತೂ ತಪ್ಪದೆ: ಬಾಗಿಲು ತಟ್ಟಿದರೆ, ಚಿನ್ನಾ, ಹುಣ್ಣಿಮೆ ಬಂತೆಂದು ತಿಳಿ. ಮುಗಿಸಿ, ತನಖಾ ಬಳಿದ ಮುಖವನ್ನು ಇವನತ್ತ ತಿರುಗಿಸಿದಳು.

"ಈಗ ಸರಿಯಾಗಿದೆ ತಾನೆ?"

"ಸರಿಯಾಗಿದೆ," ಎಂದ ವುನ್ನ.